ಒತ್ತು

ಗೋಣಿಕೊಪ್ಪದ ಅಂಗಡಿ ಹುಡುಗ
ಚಿನ್ನದ ಬಣ್ಣದ ಡಬ್ಬಿ ತಂದು ನನ್ನೆದುರಿಟ್ಟ.
'ಇದಕ್ಕಿಂತ ಒಳ್ಳೇದು ಇಲ್ಲ ಮೇಡಂ,
ನೀರಿನಷ್ಟು ತೆಳು. ಈಗ ಎಲ್ಲರೂ ಇದನ್ನೇ ಹಾಕೋದು.'
ಒಳ್ಳೆಯದೇ ಇರಬಹುದಪ್ಪ.
ಯಾರಿಗೆ?

ನನ್ನ ಫಿಯೆಟ್ ಎಂಬತ್ತೊಂದರದು.
ಎರಡು ಕಾರ್ಬ್ಯುರೇಟರು, ಚಪ್ಪಟೆ ತಳದ ಟ್ಯಾಪೆಟ್ಟು,
ಬಾಗಿಲ ಮೇಲೆ ಎಷ್ಟು ಉಜ್ಜಿದರೂ ಹೋಗದ ಹದಿನೇಳು.
ಮಾಕುಟ್ಟದ ತಿರುವುಗಳಲ್ಲಿ ಒಂದು ರಾತ್ರಿ
ಗಂಡಸರ ಏಳು ಜೀಪು ಹಿಂದೆ ಹಾಕಿ
ಎಂಟನೆಯದರ ಬೆನ್ನಿಗೆ ಮುತ್ತಿಟ್ಟು
ಚರಂಡಿಯಲ್ಲಿ ಕೂತಿದ್ದೆವು, ಕಾರೂ ನಾನೂ,
ನಕ್ಷೆ ಮಡಿಸುತ್ತ, ನಗು ತಡೆಯಲಾರದೆ ಚೋಂದಮ್ಮಳೂ.

ಹೋದ ವರ್ಷ ಇಂಥದೇ ತೆಳು ಎಣ್ಣೆ ಕುಡಿಸಿದ್ದೆ.
ಆರು ತಿಂಗಳು ನಯವಾಗಿ ಓಡಿ
ಆಮೇಲೆ ಟಿಕ್ ಟಿಕ್ ಅನ್ನತೊಡಗಿತು.
ಬೀರಾನ್ ಬಿಚ್ಚಿದ. ಹರಿದ ಬನಿಯನ್ನಿನಲ್ಲಿ ಒರೆಸಿ
ಕ್ಯಾಮ್‌ಶಾಫ್ಟನ್ನು ಬಾಗಿಲ ಬೆಳಕಿಗೆ ಹಿಡಿದ.
ಮೂರನೆಯ ಉಬ್ಬಿಗೆ ಮೂಗೇ ಇರಲಿಲ್ಲ.
'ತಿಂದಿದೆ ಅಕ್ಕ,' ಎಂದ,
ಮುರಿದ ಸಂಬಂಧದ ಸುದ್ದಿ ತಂದವರ ದನಿಯಲ್ಲಿ.
'ಕಬ್ಬಿಣ ಕಬ್ಬಿಣವನ್ನೇ ತಿಂದಿದೆ.
ಎಣ್ಣೆಯಲ್ಲಿ ಸತು ಸಾಲಲಿಲ್ಲ.'

ಸತು ನನಗೆ ಹೊಸದೇ?
ಮೂವತ್ತು ವರ್ಷ ಕಾಫಿಗೆ ಹೊಡೆಸಿದ್ದೇನೆ.
ಚಿಗುರೆಲೆ ಸಣಕಲಾಗಿ ಒಂದೆಡೆ ಗುಂಪುಗಟ್ಟಿದರೆ
ಡ್ರಮ್ಮಿನಲ್ಲಿ ಜಿಂಕ್ ಸಲ್ಫೇಟ್ ಕಲಕಿಸಿ
ಎಲೆಯ ಅಡಿಗೂ ತಾಗಲಿ, ಅಡಿಗೂ, ಎಂದು
ಸಾಲಿನಿಂದ ಸಾಲಿಗೆ ಕೂಗಿದವಳು.
'ಅದನ್ನೇ ಎರಡು ಚಮಚ ಹಾಕೋಣವಾ?' ಅಂದೆ.
ಬೀರಾನ್ ನಗಲಿಲ್ಲ.
ಬಿಚ್ಚಿದ ಎಂಜಿನ್ನಿನ ಮುಂದೆ ಅವನು ನಗುವುದಿಲ್ಲ.

'ಆ ಸತು ಬೇರೆ. ಇದು
ರಂಜಕದ ಕೈ ಹಿಡಿದು ಎಣ್ಣೆಗಿಳಿಯುವ ಸತು.
ಹೊಸ ಕಾರಿನ ಹೊಗೆಕೊಳವೆಯಲ್ಲೊಂದು ಜರಡಿ ಇದೆ,
ಅದಕ್ಕೆ ಈ ಜೋಡಿ ವಿಷ. ಅದಕ್ಕೇ ಕಂಪನಿಯವರು
ಕಡಿಮೆ ಮಾಡುತ್ತಾ ಬಂದರು. ತಪ್ಪೇನಿಲ್ಲ.
ನಿಮ್ಮದಕ್ಕೆ ಜರಡಿ ಇಲ್ಲ, ಉರುಳುವ ಟ್ಯಾಪೆಟ್ಟೂ ಇಲ್ಲ,
ಉಜ್ಜಿಕೊಂಡೇ ಬಾಳಬೇಕು.'

ಹಾಗಾದರೆ ಶೀಶೆ ಪೂರ್ತಿ ಸುರಿ, ಅಂದೆ.
ಕೈ ಅಡ್ಡ ಹಿಡಿದ.
'ಹತ್ತು ಲಕ್ಷ ಪಾಲಿಗೆ ಸಾವಿರದ ಇನ್ನೂರು ಪಾಲು.
ಎರಡು ಸಾವಿರ ದಾಟಿತೋ, ಕಾಯುವುದೇ ಕೊರೆಯುತ್ತದೆ.'
ಟ್ವೆಂಟಿ ಫಿಫ್ಟಿಯ ದಪ್ಪ ಎಣ್ಣೆ,
ಡಬ್ಬಿಯ ಹಿಂದಿನ ಸಣ್ಣಕ್ಷರಕ್ಕೆ ನನ್ನ ಕನ್ನಡಕ,
ದನದ ಡಾಕ್ಟರ ಹಳೆಯ ಸಿರಿಂಜು.
ಎಣ್ಣೆಯಲ್ಲಿ ಮೊದಲೇ ಇದ್ದದ್ದನ್ನು ಕಳೆದು
ಉಳಿದದ್ದನ್ನು ಉಸಿರು ಬಿಗಿಹಿಡಿದು ಎಳೆದ.

ಹೊಸ ಕ್ಯಾಮ್ ಕೂತ ಮೇಲೆ
ಮೊದಲ ಇಪ್ಪತ್ತು ನಿಮಿಷ ಮಂದವಾಗಿ ಬಿಡಕೂಡದಂತೆ.
ಎರಡು ಸಾವಿರ ಸುತ್ತಿನಲ್ಲಿ ಕಾಲಿಟ್ಟು ಕೂತೆ.
ಕಣದಲ್ಲಿ ಹಣ್ಣು ಹರಡುತ್ತಿದ್ದ ಬೊಳಚಿ
ಸೆರಗಿನಿಂದ ಕಿವಿ ಮುಚ್ಚಿ ನನ್ನನ್ನೇ ನೋಡಿದಳು.
ಬೀರಾನ್ ಉದ್ದನೆಯ ಸ್ಕ್ರೂಡ್ರೈವರಿನ ತುದಿ ಎಂಜಿನ್ನಿಗೆ,
ಹಿಡಿ ಕಿವಿಗೆ.
'ಏನು ಕೇಳುತ್ತೆ?'
'ಏನೂ ಇಲ್ಲ.'
ಇನ್ನೂ ಹನ್ನೊಂದು ನಿಮಿಷ ಬಾಕಿ.

ಸಂಜೆ ಬಾನೆಟ್ಟಿನ ಒಳಗೆ ಕಟ್ಟಿದ ಚೀಟಿ ಓದಿದೆ.
ತಾರೀಕು, ಕಿಲೋಮೀಟರು,
ಕೆಳಗೆ ಅವನ ವಕ್ರ ಕನ್ನಡದಲ್ಲಿ: ಸತ್ತು ಹಾಕಿದೆ.
ತಿದ್ದಲು ಪೆನ್ನು ತೆಗೆದೆ.
ಎಲ್ಲೆಲ್ಲಿ ಉಜ್ಜಾಟವೋ ಅಲ್ಲಲ್ಲಿ
ಕೂದಲಿಗಿಂತ ತೆಳ್ಳಗೆ ಅಂಟಿಕೊಂಡು
ಕಬ್ಬಿಣದ ಬದಲು ತಾನು ಸವೆಯುವುದು,
ಒತ್ತು ಬಿದ್ದಲ್ಲಿ ಮಾತ್ರ.

ಪೆನ್ನಿನ ಮುಚ್ಚಳ ಹಾಕಿದೆ.
ಎಂಟುನೂರು ಕಿಲೋಮೀಟರಿಗೆ ಈ ಎಣ್ಣೆ ಚೆಲ್ಲಬೇಕು.
ನಾಳೆ ಪೆರುಂಬಾಡಿಯ ತನಕ, ನಿಧಾನ.
ಚೋಂದಮ್ಮಳಿಗೆ ಫೋನು ಮಾಡಬೇಕು,
ನಕ್ಷೆ ಅವಳ ಬಳಿಯೇ ಇದೆ.